ಅಡ್ವಾನ್ಸ್ ಕೈಗೆ ಬರುವ ಮುಂಚೆ

ಪುಟ್ಟಿ,

ಮೈಸೂರಿನ ಸರಸ್ವತಿಪುರಂನಲ್ಲಿ ಅಂಗಡಿ ಹಿಡಿದಿದ್ದೀಯ, ಬೋರ್ಡ್ ಬರೆಸಲೂ ಕೊಟ್ಟಾಗಿದೆ ಎಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ತುಂಬಾ ಸಂತೋಷವಾಯಿತು ಕಣೇ. ಎಲ್ಲರೂ ಮೊಬೈಲಿನಲ್ಲೇ ಟಿಕೆಟ್ ಮಾಡಿಕೊಳ್ಳುವ ಕಾಲದಲ್ಲಿ ಟ್ರಾವೆಲ್ ಏಜೆಂಟ್ ಕೆಲಸ ಯಾಕೆ ಬೇಕಿತ್ತು ಎಂದು ನಿನಗೆ ಹತ್ತು ಜನ ಹೇಳಿರುತ್ತಾರೆ. ಅದಕ್ಕೆ ಎದೆಗುಂದಬೇಡ. ಬೆಂಗಳೂರಿನಿಂದ ದೆಹಲಿಗೆ ಒಂದು ಟಿಕೆಟ್ ಬೇಕಾದವರು ನಿನ್ನ ಹತ್ತಿರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ನಿನ್ನ ಮೆಟ್ಟಿಲು ಹತ್ತುವವರೇ ಬೇರೆ. ಮಗ ಜರ್ಮನಿಯಲ್ಲಿದ್ದಾನೆ, ನಾವಿಬ್ಬರೂ ವಿಮಾನ ಹತ್ತುವುದು ಇದೇ ಮೊದಲು ಎನ್ನುವ ನಿವೃತ್ತ ಮೇಷ್ಟ್ರು ದಂಪತಿ, ಅಪ್ಪನ ಅಸ್ಥಿ ಬಿಡಲು ಕಾಶಿಗೆ ಹೊರಟ ಅಣ್ಣತಮ್ಮಂದಿರು, ಹೆಂಡತಿಯ ಕಡೆಯವರನ್ನೆಲ್ಲ ಒಟ್ಟಿಗೆ ಊಟಿಗೆ ಕರೆದೊಯ್ಯಲು ಒಪ್ಪಿಕೊಂಡಿರುವ ಅಳಿಯ. ಟಿಕೆಟ್ ಕೊಳ್ಳುವುದು ಇವರಿಗೂ ಗೊತ್ತು. ತಮಗಿಂತ ಮುಂಚೆ ಆ ದಾರಿಯನ್ನು ಮನಸ್ಸಿನಲ್ಲಿ ಒಮ್ಮೆ ನಡೆದು ನೋಡಿ, ಎಲ್ಲಿ ಏನಿದೆ ಎಂದು ಹೇಳುವ ಒಬ್ಬರು ಅವರಿಗೆ ಬೇಕು.

ನಾನು ನಿನಗೆ ಹೇಳಬೇಕಾದ್ದು ಮುಖ್ಯವಾಗಿ ಒಂದೇ. ಹೋಗುವ ದಾರಿಯಲ್ಲಿ ಎಲ್ಲಿ ಕಷ್ಟವಿದೆಯೋ ಅದನ್ನು ಅಡ್ವಾನ್ಸ್ ತೆಗೆದುಕೊಳ್ಳುವುದಕ್ಕೆ ಮುಂಚೆ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಗಿರಾಕಿ ಎದ್ದು ಹೋಗಬಹುದು ಎಂಬ ಭಯ ಇರುತ್ತದೆ, ಅದರಲ್ಲೂ ಅಂಗಡಿ ತೆರೆದ ಮೊದಲ ವರ್ಷ ಬಾಡಿಗೆ ಕಟ್ಟುವ ಚಿಂತೆಯಲ್ಲಿ ನಾಲಿಗೆ ತಡೆಯುತ್ತದೆ. ಆದರೂ ಹೇಳು. ದುಡ್ಡು ಪಡೆದ ಮೇಲೆ ಅದೇ ಮಾತು ಆಡಿದರೆ ಸಬೂಬು ಎನಿಸಿಕೊಳ್ಳುತ್ತದೆ.

ಮೊದಲು ಹೆಸರಿನ ವಿಚಾರ. ನಮ್ಮ ಕಡೆಯವರಿಗೆ ವಿಮಾನದ ಟಿಕೆಟ್ಟಿನಲ್ಲಿ ಆಗುವಷ್ಟು ಹೆಸರಿನ ತೊಂದರೆ ಉತ್ತರದವರಿಗೆ ಆಗುವುದಿಲ್ಲ. ಅವರಿಗೆ ಶರ್ಮಾ, ಗುಪ್ತಾ ಎಂದು ಸರ್‌ನೇಮ್ ಸಿದ್ಧವಾಗಿರುತ್ತದೆ. ನಮ್ಮವರದು ಇನಿಷಿಯಲ್. ಒಂದಕ್ಷರ ಊರಿನದು, ಇನ್ನೊಂದಕ್ಷರ ಅಪ್ಪನದು. ಪಾಸ್‌ಪೋರ್ಟ್ ಮಾಡಿಸುವಾಗ ಒಬ್ಬರು ಊರಿನ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿಸಿರುತ್ತಾರೆ, ಇನ್ನೊಬ್ಬರು ಅಪ್ಪನ ಹೆಸರನ್ನು, ಮತ್ತೊಬ್ಬರು ಆ ಜಾಗವನ್ನು ಖಾಲಿಯೇ ಬಿಟ್ಟಿರುತ್ತಾರೆ. ಒಂದೇ ಮನೆಯ ಗಂಡ, ಹೆಂಡತಿ, ಮಗಳು ಮೂವರದೂ ಮೂರು ರೀತಿ ಇರುವುದು ಅಪರೂಪವೇನಲ್ಲ. ಆಧಾರ್‌ನಲ್ಲಿ ಒಂದು ಸ್ಪೆಲಿಂಗ್, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು. ಅವರು ಬಾಯಲ್ಲಿ ಹೇಳಿದ ಹೆಸರನ್ನು, ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿದ ಹೆಸರನ್ನು ಎಂದೂ ಟಿಕೆಟ್ಟಿಗೆ ಹಾಕಬೇಡ. ಪಾಸ್‌ಪೋರ್ಟನ್ನೇ ತರಿಸಿಕೊ. ಫೋಟೋ ಇರುವ ಪುಟದ ಕೆಳಗಡೆ ಬಾಣದ ಗುರುತುಗಳ ನಡುವೆ ಅಚ್ಚಾಗಿರುವ ಎರಡು ಸಾಲು ಇದೆಯಲ್ಲ, ಯಂತ್ರ ಓದುವುದು ಅದನ್ನೇ. ಅಲ್ಲಿ ಸರ್‌ನೇಮ್ ಮೊದಲು, ಎರಡು ಬಾಣ, ಆಮೇಲೆ ಕೊಟ್ಟ ಹೆಸರು. ಅಲ್ಲಿದ್ದಂತೆ ಅಕ್ಷರ ಅಕ್ಷರ ನೋಡಿ ಹಾಕು. ಆಮೇಲೆ ಇನ್ನೊಬ್ಬರ ಕೈಲಿ ಗಟ್ಟಿಯಾಗಿ ಓದಿಸು.

ಸರ್‌ನೇಮ್ ಖಾಲಿ ಇದ್ದವರದು ಇನ್ನೂ ಸೂಕ್ಷ್ಮ. ಕೆಲವು ಏರ್‌ಲೈನ್ಸ್‌ಗಳು ಇರುವ ಒಂದೇ ಹೆಸರನ್ನು ಎರಡು ಸಲ ಬರೆಯಿರಿ ಎನ್ನುತ್ತವೆ, ಕೆಲವು ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಎಂದು ಹಾಕಿಸುತ್ತವೆ. ಆಯಾ ಏರ್‌ಲೈನ್ಸ್ ಕೇಳಿಯೇ ಮುಂದುವರಿಯಬೇಕು. 2022ರ ನವೆಂಬರಿನಲ್ಲಿ ದುಬೈ ಕಡೆಯವರು, ಅಂದರೆ ಯುಎಇ ಸರ್ಕಾರ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ವಿಸಿಟ್ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು. ಆಮೇಲೆ ಅಪ್ಪನ ಹೆಸರೋ ಮನೆತನದ ಹೆಸರೋ ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿದ್ದರೆ ಆಗಬಹುದು ಎಂದು ಸ್ಪಷ್ಟನೆ ಬಂತು. ಇಂಥ ನಿಯಮದಿಂದ ಹೆಚ್ಚು ಕಷ್ಟಪಡುವವರು ನಮ್ಮ ದಕ್ಷಿಣದವರೇ. ಹಾಗಾಗಿ ಹೊರದೇಶಕ್ಕೆ ಹೊರಟ ಗಿರಾಕಿ ಬಂದು ಕೂತ ಕೂಡಲೇ ದೇಶ ಯಾವುದು ಎಂದು ಕೇಳುವ ಮುಂಚೆ ಪಾಸ್‌ಪೋರ್ಟ್ ಕೇಳು. ಹೆಸರು ನೋಡು, ಅವಧಿ ನೋಡು. ಎಷ್ಟೋ ದೇಶಗಳು ಇನ್ನೂ ಆರು ತಿಂಗಳ ಅವಧಿ ಉಳಿದಿರಲೇಬೇಕು ಎನ್ನುತ್ತವೆ. ಖಾಲಿ ಪುಟ ಇದೆಯೇ ನೋಡು. ತಿದ್ದುಪಡಿ ಬೇಕಿದ್ದರೆ ಅವತ್ತೇ ಹೇಳಿ ಕಳಿಸು.

ಊಟದ ವಿಚಾರದಲ್ಲಿ ಒಂದು ಚಿಕ್ಕ ಸಂಗತಿ ಇದೆ. ಗೊತ್ತಿಲ್ಲದ ಏಜೆಂಟರು ಇವತ್ತಿಗೂ ಅದರಲ್ಲಿ ಎಡವುತ್ತಾರೆ. ವಿಮಾನದಲ್ಲಿ ಊಟದ ಆಯ್ಕೆ ಮಾಡುವಾಗ ಹಿಂದೂ ಮೀಲ್ ಎಂದು ಒಂದು ಕಾಣುತ್ತದೆ, ಎಚ್‌ಎನ್‌ಎಂಎಲ್ ಅದರ ಗುರುತು. ಹೆಸರು ನೋಡಿ ಸಸ್ಯಾಹಾರ ಅಂದುಕೊಳ್ಳಬೇಡ. ದನದ ಮಾಂಸ ಇರುವುದಿಲ್ಲ, ಕೋಳಿ, ಕುರಿ, ಮೀನು ಇರಬಹುದು. ನಮ್ಮ ಸಸ್ಯಾಹಾರಿಗಳಿಗೆ ಹಾಕಿಸಬೇಕಾದ್ದು ಎವಿಎಂಎಲ್. ಜೈನರಿಗೆ, ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರಿಗೆ ವಿಜೆಎಂಎಲ್. ಜೀವಮಾನದಲ್ಲಿ ಮೊಟ್ಟೆಯನ್ನೂ ಮುಟ್ಟದ ಅಜ್ಜಿಯೊಬ್ಬರು ಹತ್ತು ಗಂಟೆಯ ಹಾರಾಟದಲ್ಲಿ ತಟ್ಟೆ ತೆರೆದು ಮಾಂಸ ಕಂಡರೆ ಅವರು ನೀರನ್ನೂ ಮುಟ್ಟದೆ ಕೂರುತ್ತಾರೆ. ನೀನು ಬುಕ್ ಮಾಡುವಾಗ ಅರ್ಧ ನಿಮಿಷ ಗಮನ ಕೊಟ್ಟರೆ ಇದು ತಪ್ಪುತ್ತದೆ. ಹಾಗೆಯೇ ಮಂಡಿ ನೋವಿನವರಿಗೆ ವೀಲ್‌ಚೇರ್ ಬೇಕೇ ಎಂದು ಕೇಳಿ, ಕನಿಷ್ಠ 48 ಗಂಟೆ ಮುಂಚೆ ಏರ್‌ಲೈನ್ಸ್‌ಗೆ ತಿಳಿಸಿಡು. ಸಂಕೋಚದಿಂದ ಬೇಡ ಎನ್ನುತ್ತಾರೆ. ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಗೇಟಿಗೆ ನಡೆಯುವ ದೂರ ಎಷ್ಟೆಂದು ಹೇಳಿದರೆ ಒಪ್ಪುತ್ತಾರೆ.

ಈಗ ನನಗೆ ತುಂಬಾ ಮನಸ್ಸಿಗೆ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಅಕ್ಷಯ ತೃತೀಯ ಹತ್ತಿರ ಬರುತ್ತಿದ್ದಂತೆ ನಿನ್ನ ಅಂಗಡಿಗೆ ಚಾರ್‌ಧಾಮ್ ಕೇಳಿಕೊಂಡು ಬರುವವರು ಹೆಚ್ಚುತ್ತಾರೆ. ಅಮ್ಮನಿಗೆ ಎಪ್ಪತ್ತು ದಾಟಿದೆ, ಕೇದಾರನಾಥ ನೋಡಬೇಕೆಂಬ ಆಸೆ, ಹೇಗಾದರೂ ಮಾಡಿ ಎನ್ನುತ್ತಾರೆ. ಇಲ್ಲಿ 'ಆಗುತ್ತೆ ಬಿಡಿ ಸಾರ್' ಎನ್ನುವುದು ತುಂಬಾ ಸುಲಭ. ಲೆಕ್ಕ ಹೇಳು ಅವರಿಗೆ. ನಮ್ಮ ಮೈಸೂರು ಸಮುದ್ರಮಟ್ಟದಿಂದ 800 ಮೀಟರ್ ಕೂಡ ಇಲ್ಲ, ಕೇದಾರನಾಥ 3,583 ಮೀಟರ್. ಗೌರಿಕುಂಡದವರೆಗೆ ಮಾತ್ರ ಗಾಡಿ. 2013ರ ಪ್ರವಾಹದಲ್ಲಿ ಹಳೆಯ ದಾರಿ ಕೊಚ್ಚಿಹೋದ ಮೇಲೆ ಮಾಡಿದ ಹಾದಿಯಲ್ಲಿ ಅಲ್ಲಿಂದ ಸುಮಾರು 16 ಕಿಲೋಮೀಟರ್ ಏರಬೇಕು. ಕುದುರೆ, ಡೋಲಿ ಇವೆ. ಆದರೆ ಕುದುರೆಯ ಮೇಲೆ ಗಂಟೆಗಟ್ಟಲೆ ಕೂರುವುದೂ ಬೆನ್ನಿಗೆ ಶಿಕ್ಷೆಯೇ, ಮಳೆ ಬಂದರೆ ಹಾದಿ ಜಾರುತ್ತದೆ. ಬೀಪಿ, ಸಕ್ಕರೆ, ಹೃದಯದ ತೊಂದರೆ ಇದೆಯೇ ಕೇಳು, ಡಾಕ್ಟರಿಗೆ ತೋರಿಸಿಕೊಂಡು ಬನ್ನಿ ಎನ್ನು. ಡಾಕ್ಟರ್ ಬೇಡ ಎಂದರೆ ನೀನು ಪ್ಯಾಕೇಜ್ ಮಾರಬೇಡ, ಎಷ್ಟೇ ಬಲವಂತ ಮಾಡಲಿ.

ಹೆಲಿಕಾಪ್ಟರ್ ಇದೆಯಲ್ಲ ಎನ್ನುತ್ತಾರೆ. ಇದೆ. ಗುಪ್ತಕಾಶಿ, ಫಾಟಾ, ಸಿರ್ಸಿ ಕಡೆಯಿಂದ ಹಾರುತ್ತವೆ. ನಮ್ಮ ಶಿರಸಿಯಲ್ಲ, ಅದು ಅಲ್ಲಿಯ ಊರು. ಅದರ ಟಿಕೆಟ್ ಸಿಗುವುದು ಐಆರ್‌ಸಿಟಿಸಿಯ ಹೆಲಿಯಾತ್ರಾ ತಾಣದಲ್ಲಿ, ಅದೂ ಯಾತ್ರೆಯ ನೋಂದಣಿ ಆದವರಿಗೆ. ನಮ್ಮ ಹತ್ತಿರ ಕೋಟಾ ಇದೆ, ದುಡ್ಡು ಹಾಕಿ ಎಂದು ನಕಲಿ ತಾಣ ಮಾಡಿಕೊಂಡು ಮೋಸ ಮಾಡುವವರು ಪ್ರತಿ ವರ್ಷ ಹುಟ್ಟಿಕೊಳ್ಳುತ್ತಾರೆ. ನಿನ್ನನ್ನೂ ಮಧ್ಯವರ್ತಿ ಮಾಡಿಕೊಳ್ಳಲು ಫೋನ್ ಮಾಡಿಯಾರು, ಹುಷಾರು. ಟಿಕೆಟ್ ಸಿಕ್ಕರೂ ಮೋಡ ಕವಿದರೆ ಹೆಲಿಕಾಪ್ಟರ್ ಹಾರುವುದಿಲ್ಲ. ಆಗ ಹೆಚ್ಚುವರಿ ಒಂದು ದಿನ ಕೈಯಲ್ಲಿರಬೇಕು. ಅದಕ್ಕೇ ಚಾರ್‌ಧಾಮ್ ಪ್ಯಾಕೇಜನ್ನು ದಿನಗಳ ಲೆಕ್ಕದಲ್ಲಿ ಬಿಗಿ ಹಿಡಿದು ಅಗ್ಗ ಮಾಡಬೇಡ. ಪಕ್ಕದ ಅಂಗಡಿಯವನು ಒಂದು ದಿನ ಕಡಿಮೆ ಮಾಡಿ ಎರಡು ಸಾವಿರ ಇಳಿಸಿ ಕೊಡುತ್ತಾನೆ, ಕೊಡಲಿ.

ಅಮ್ಮನ ಆಸೆಯನ್ನು ಮುರಿಯಬೇಕೆಂದಲ್ಲ ನಾನು ಹೇಳುತ್ತಿರುವುದು. ಬದರಿನಾಥದ ಬಾಗಿಲವರೆಗೂ ಗಾಡಿ ಹೋಗುತ್ತದೆ, ಗಂಗೋತ್ರಿಗೂ ರಸ್ತೆ ಇದೆ. ಹರಿದ್ವಾರ, ಋಷಿಕೇಶದಲ್ಲಿ ಒಂದೆರಡು ದಿನ ನಿಧಾನವಾಗಿ ಕಳೆದು, ಮಧ್ಯೆ ರುದ್ರಪ್ರಯಾಗದ ಕಡೆ ಒಂದು ರಾತ್ರಿ ತಂಗಿ, ಬದರಿ ಮುಗಿಸಿ ಬಂದ ಎಷ್ಟೋ ತಾಯಂದಿರು ತುಂಬು ಮನಸ್ಸಿನಿಂದ ಹಿಂದಿರುಗಿದ್ದನ್ನು ನೋಡಿದ್ದೇನೆ. ಹೀಗೆ ಬೇರೊಂದು ದಾರಿ ಎದುರಿಗಿಡಲು ನಿನಗೆ ಆ ಊರುಗಳು ಗೊತ್ತಿರಬೇಕು. ಮೊದಲ ಎರಡು ಮೂರು ವರ್ಷದಲ್ಲಿ ಬಂದ ಲಾಭದಲ್ಲಿ ಒಂದು ಪಾಲನ್ನು ನೀನೇ ಹೋಗಿ ನೋಡಲು ತೆಗೆದಿಡು. ಬ್ರೋಷರ್ ಓದಿ ಊರು ಗೊತ್ತಾಗುವುದಿಲ್ಲ.

ಕಾಶಿ ಕೇಳಿಕೊಂಡು ಬರುವವರಲ್ಲಿ ಕೈಯಲ್ಲಿ ಹೆಚ್ಚು ದುಡ್ಡಿಲ್ಲದವರೂ ಇರುತ್ತಾರೆ. ಅಂಥವರಿಗೆ ಸರ್ಕಾರದ ರೈಲಿನ ಬಗ್ಗೆ ನೀನೇ ಹೇಳು. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಶುರುವಾದ ಭಾರತ್ ಗೌರವ್ ಕಾಶಿ ದರ್ಶನ ರೈಲು ಕಾಶಿಯ ಜೊತೆ ಅಯೋಧ್ಯೆ, ಪ್ರಯಾಗವನ್ನೂ ತೋರಿಸುತ್ತದೆ. ಮುಜರಾಯಿ ಇಲಾಖೆಯ ಸಹಾಯಧನವೂ ಇದೆ, ಶುರುವಿನಲ್ಲಿ ತಲೆಗೆ 5,000 ರೂಪಾಯಿ ಇತ್ತು. ಅದರಲ್ಲಿ ನಿನಗೆ ಒಂದು ಪೈಸೆಯೂ ಸಿಗುವುದಿಲ್ಲ. ಅಡ್ಡಿಯಿಲ್ಲ, ಅರ್ಜಿ ಹಾಕುವ ಬಗೆ ತಿಳಿಸಿ ಕಳಿಸು. ಅಸ್ಥಿ, ಪಿಂಡಪ್ರದಾನಕ್ಕೆಂದು ಹೋಗುವವರಿಗೆ ಮಾತ್ರ ಗುಂಪಿನ ರೈಲು ಹೊಂದುವುದಿಲ್ಲ, ಅವರಿಗೆ ತಮ್ಮ ಸಮಯ ಬೇಕು. ಅವರ ಮನೆಯ ಪದ್ಧತಿ ಏನು, ಕನ್ನಡ ಬಲ್ಲ ಪುರೋಹಿತರು ಬೇಕೇ, ಗಯೆಗೂ ಹೋಗಬೇಕೇ ಎಂದು ಮೆಲ್ಲಗೆ ಕೇಳು. ವೀರಶೈವರಾದರೆ ಜಂಗಮವಾಡಿ ಮಠಕ್ಕೆ ಹೋಗಿಬರಲು ಸಮಯ ಬಿಡು. ಪಿತೃಪಕ್ಷದಲ್ಲಿ ಗಯೆಯಲ್ಲಿ ರೂಮು ಸಿಗುವುದು ಕಷ್ಟ ಎಂಬುದನ್ನು ಮುಂಚೆಯೇ ತಿಳಿಸು. ಸಾವು ಕಂಡ ಮನೆಯವರು ಬಂದು ಎದುರಿಗೆ ಕೂತಾಗ ಕಂಪ್ಯೂಟರ್ ನೋಡುತ್ತಾ ಮಾತಾಡಬೇಡ.

ರೈಲಿನ ವಿಚಾರ ಬೇಗ ಮುಗಿಸುತ್ತೇನೆ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಬೇಸಿಗೆ ರಜೆಯ ಗಿರಾಕಿಗೆ ಯಾವ ತಾರೀಖಿಗೆ ಬುಕಿಂಗ್ ತೆರೆಯುತ್ತದೆ ಎಂದು ಬರೆದು ಕೊಡು. ತತ್ಕಾಲ್ ತೆರೆದ ಮೊದಲ ಅರ್ಧ ಗಂಟೆ ಏಜೆಂಟರು ಬುಕ್ ಮಾಡುವಂತಿಲ್ಲ ಎಂದು 2025ರ ಜುಲೈಯಿಂದ ನಿಯಮ ಇದೆ, ಆದ್ದರಿಂದ ತತ್ಕಾಲ್‌ನಲ್ಲಿ ಮಾಡಿಸಿಕೊಡುತ್ತೇನೆ ಎಂಬ ಮಾತನ್ನು ಯಾರಿಗೂ ಕೊಡಬೇಡ. ನಿನ್ನ ಸ್ವಂತದ ಐಡಿಯಲ್ಲಿ ಊರಿನವರಿಗೆಲ್ಲ ಟಿಕೆಟ್ ಮಾಡಿ ದುಡ್ಡು ತೆಗೆದುಕೊಂಡರೆ ಅದು ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ನಿನ ಕೆಳಗೆ ಅಪರಾಧ. ಅಧಿಕೃತ ಏಜೆಂಟ್ ಐಡಿ ಪಡೆದೇ ಶುರು ಮಾಡು.

ಗಾಡಿಗಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಹಳದಿ ಬೋರ್ಡ್ ಇಲ್ಲದ ಗಾಡಿಯನ್ನು ಬಾಡಿಗೆಗೆ ಕಳಿಸಲೇಬೇಡ. ಬಿಳಿ ಬೋರ್ಡಿನ ಇನ್ನೋವಾ ದಿನಕ್ಕೆ ಸಾವಿರ ರೂಪಾಯಿ ಕಡಿಮೆಗೆ ಸಿಗುತ್ತದೆ, ಓನರ್ ಗುರುತಿನವನೇ ಆಗಿರುತ್ತಾನೆ. ದಾರಿಯಲ್ಲಿ ಅಪಘಾತವಾದರೆ ಬಾಡಿಗೆಗೆ ಓಡಿಸುತ್ತಿದ್ದ ಸ್ವಂತ ಗಾಡಿ ಎಂಬ ಕಾರಣಕ್ಕೆ ಇನ್ಶೂರೆನ್ಸ್ ತಕರಾರು ಬರುತ್ತದೆ, ಆಸ್ಪತ್ರೆಯಲ್ಲಿ ಮಲಗಿದವರ ಮನೆಯವರು ನಿನ್ನ ಅಂಗಡಿಗೆ ಬರುತ್ತಾರೆ. ಟೆಂಪೋ ಟ್ರಾವೆಲರ್ ಕಳಿಸುವಾಗ ಪರ್ಮಿಟ್, ಎಫ್‌ಸಿ, ಇನ್ಶೂರೆನ್ಸ್ ಮೂರರ ತಾರೀಖೂ ನೋಡು. ಡ್ರೈವರ್ ಹಿಂದಿನ ರಾತ್ರಿ ಬೇರೆ ಟ್ರಿಪ್ ಮುಗಿಸಿ ಬಂದವನೇ ಎಂದು ವಿಚಾರಿಸು. ಅವನಿಗೆ ಮಲಗಲು ಜಾಗ ಎಲ್ಲಿ ಎಂಬುದು ಪ್ಯಾಕೇಜಿನಲ್ಲೇ ಇರಲಿ. ಗಾಡಿಯ ಸೀಟಿನಲ್ಲೇ ಮುದುಡಿ ಮಲಗಿದವನ ಕೈಯಲ್ಲಿ ಮಾರನೇ ದಿನ ಇಡೀ ಸಂಸಾರದ ಪ್ರಾಣ ಇರುತ್ತದೆ.

ಆ ಅಳಿಯನ ಊಟಿ ಟ್ರಿಪ್ಪನ್ನೇ ತೆಗೆದುಕೊ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. 2024ರ ಮೇ 7ರಿಂದ, ಮದ್ರಾಸ್ ಹೈಕೋರ್ಟ್ ಆದೇಶದಂತೆ, ನೀಲಗಿರಿಗೆ ಹೋಗುವ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇಕಾಗಿದೆ. ಈ ಎರಡನ್ನೂ ಹೇಳದೆ ಕಳಿಸಿದರೆ, ಊಟಿಯಿಂದ ಸಂಜೆ ಶಾಪಿಂಗ್ ಮುಗಿಸಿ ಹೊರಟವರು ಚೆಕ್‌ಪೋಸ್ಟಿನ ಮುಂದೆ ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಕಳೆಯುತ್ತಾರೆ. ಮಧ್ಯಾಹ್ನ ಮೂರಕ್ಕೆ ಊಟಿ ಬಿಡಬೇಕು ಎಂದು ಅಳಿಯನಿಗೂ ಡ್ರೈವರ್‌ಗೂ ಬೇರೆ ಬೇರೆಯಾಗಿ ಹೇಳಿಡು.

ಯುರೋಪಿನ ವೀಸಾ ಕೆಲಸ ಮಾಡುವಾಗ ಕಾಗದ ಸುಳ್ಳಾಗಿರಬಾರದು. ಷೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮುಂಚೆಯಾದರೂ ಹಾಕಿರಬೇಕು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ಆದಷ್ಟು ಬೇಗ ಹಾಕಿಸು. 30,000 ಯೂರೋಗೆ ಕಡಿಮೆಯಿಲ್ಲದ ಮೆಡಿಕಲ್ ಇನ್ಶೂರೆನ್ಸ್ ಕಡ್ಡಾಯ. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತಾರೋ ಆ ದೇಶಕ್ಕೇ ಅರ್ಜಿ. ಬೇಗ ಸಿಗುತ್ತದೆಂದು ಬೇರೆ ದೇಶಕ್ಕೆ ಹಾಕಿಸಿ, ಅಲ್ಲಿ ಕಾಲಿಡದೆ ಇನ್ನೊಂದು ದೇಶಕ್ಕೆ ಹೋಗಿ ಎನ್ನುವ ಸಲಹೆಯನ್ನು ನೀನು ಕೊಡಬಾರದು. ಬ್ಯಾಂಕಿನಲ್ಲಿ ಒಂದು ವಾರಕ್ಕೆ ಸಾಲದ ದುಡ್ಡು ತುಂಬಿಸಿ ಸ್ಟೇಟ್‌ಮೆಂಟ್ ತೆಗೆಸುವುದು, ಇಲ್ಲದ ಕೆಲಸದ ಪತ್ರ ಕೊಡಿಸುವುದು ಇವನ್ನೆಲ್ಲ ಮಾಡುವವರು ಇದ್ದಾರೆ. ಸಿಕ್ಕಿಬಿದ್ದರೆ ಮುಂದೆ ಮಗಳ ಬಾಣಂತನಕ್ಕೆ ಹೋಗಬೇಕಾದಾಗಲೂ ಅಂಥ ಕಾಗದ ಕೊಟ್ಟ ತಾಯಿಗೆ ವೀಸಾ ಸಿಗುವುದು ಕಷ್ಟವಾಗಬಹುದು. ವೀಸಾ ಕೊಡುವುದು ಬಿಡುವುದು ಎಂಬಸಿಯ ಕೈಯಲ್ಲಿದೆ, ತಿರಸ್ಕಾರವಾದರೆ ಫೀಸು ಹಿಂದಕ್ಕೆ ಬರುವುದಿಲ್ಲ ಎಂದು ಬರೆದು ಸಹಿ ಹಾಕಿಸಿಕೊ.

ಯುರೋಪಿಗೆ ಗುಂಪು ಕಳಿಸುವಾಗ ಇನ್ನೊಂದು ಮಾತು. ಅಲ್ಲಿ ಬಸ್ ಡ್ರೈವರ್ ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ತೆಗೆದುಕೊಳ್ಳಲೇಬೇಕು. ಅದು ಕಾನೂನು. ನಮ್ಮವರು ಇನ್ನೊಂದರ್ಧ ಗಂಟೆ ನಿಲ್ಲಪ್ಪಾ ಎಂದು ಕೇಳಿ, ಅವನು ಒಪ್ಪದಿದ್ದಾಗ ಬೇಸರಪಡುತ್ತಾರೆ. ಹೊರಡುವ ಮುಂಚೆ ಎಲ್ಲರನ್ನೂ ಅಂಗಡಿಗೆ ಕರೆಸಿ, ಕಾಫಿ ಕೊಟ್ಟು, ಇದನ್ನೆಲ್ಲ ಹೇಳು. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು 2023ರಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ ಎನ್ನುವುದನ್ನೂ, ಮೈಸೂರಿನಿಂದ ಎಷ್ಟು ಗಂಟೆಗೆ ಹೊರಡಬೇಕು ಎನ್ನುವುದನ್ನೂ ಅವತ್ತೇ ಹೇಳು. ದಶಪಥ ಬಂದಿದೆ, ಎರಡೇ ಗಂಟೆ ಸಾಕು ಎನ್ನುವವರು ಬೆಂಗಳೂರಿನ ಒಳಗಿನ ಟ್ರಾಫಿಕ್ ಮರೆತಿರುತ್ತಾರೆ.

ಇನ್ನು ದುಡ್ಡು. ಏರ್‌ಲೈನ್ಸ್‌ಗಳು ಹಿಂದೆ ಕೊಡುತ್ತಿದ್ದ ಕಮಿಷನ್ ಈಗ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಿನ್ನ ಶ್ರಮದ ಬೆಲೆಯನ್ನು ಸರ್ವಿಸ್ ಚಾರ್ಜ್ ಎಂದು ಬಿಲ್ಲಿನಲ್ಲೇ ತೋರಿಸಿ ಪಡೆ, ನಾಚಿಕೊಳ್ಳಬೇಡ. ಟಿಕೆಟ್ ದರದಲ್ಲಿ ಅಡಗಿಸಿದರೆ ಅವರ ಮಗ ಮೊಬೈಲಿನಲ್ಲಿ ದರ ನೋಡಿದ ದಿನ ನಿನ್ನ ಮೇಲಿನ ನಂಬಿಕೆ ಹೋಗುತ್ತದೆ. ಪ್ಯಾಕೇಜಿನ ಜಿಎಸ್‌ಟಿ ಬೇರೆ, ಹೊರದೇಶದ ಪ್ಯಾಕೇಜಿಗೆ ನೀನು ಹಿಡಿದು ಕಟ್ಟಬೇಕಾದ ಟಿಸಿಎಸ್ ತೆರಿಗೆ ಬೇರೆ. ಟಿಸಿಎಸ್ ದರ ಬಜೆಟ್ಟಿನಲ್ಲಿ ಬದಲಾಗುತ್ತಿರುತ್ತದೆ, ಆಡಿಟರ್ ಕೇಳಿಕೊ. ಆ ದುಡ್ಡು ಅವರ ಪ್ಯಾನ್ ಮೇಲೆಯೇ ಜಮೆಯಾಗಿ ತೆರಿಗೆ ಇಲಾಖೆಯ 26ಎಎಸ್‌ನಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ ಎಂದು ವಿವರಿಸಿ ಹೇಳದಿದ್ದರೆ, ಏಜೆಂಟ್ ಸುಲಿದಳು ಎಂದುಕೊಳ್ಳುತ್ತಾರೆ.

ಗಿರಾಕಿಯ ಅಡ್ವಾನ್ಸಿಗೆ ಬೇರೆ ಅಕೌಂಟ್ ತೆರೆ. ಅಂಗಡಿ ಬಾಡಿಗೆಯಾಗಲಿ, ನಿನ್ನ ಸ್ಕೂಟರಿನ ಕಂತಾಗಲಿ ಅದರಿಂದ ಹೋಗಬಾರದು. ಒಬ್ಬರ ಡಿಸೆಂಬರ್ ಟ್ರಿಪ್ಪಿನ ದುಡ್ಡಿನಲ್ಲಿ ಇನ್ನೊಬ್ಬರ ಅಕ್ಟೋಬರ್ ಹೋಟೆಲ್ ಕಟ್ಟುವ ಅಭ್ಯಾಸ ಬಿದ್ದರೆ ಮುಗಿಯಿತು, ಒಂದು ಪೆಟ್ಟು ಬಿದ್ದ ದಿನ ಎಲ್ಲ ಒಟ್ಟಿಗೆ ಕುಸಿಯುತ್ತದೆ. ಪೆಟ್ಟು ಬೀಳುವುದು ನಿನ್ನ ಕೈಯಲ್ಲಿಲ್ಲ. ನಮ್ಮ ಬೆಂಗಳೂರಿನದೇ ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು, ಗೋ ಫಸ್ಟ್ 2023ರ ಮೇ ಮೊದಲ ವಾರದಲ್ಲಿ. 1841ರಲ್ಲಿ ಲೆಸ್ಟರ್‌ನಿಂದ ರೈಲಿನಲ್ಲಿ ಜನರನ್ನು ಕರೆದೊಯ್ದು ಈ ಕಸುಬಿಗೇ ನಾಂದಿ ಹಾಡಿದ ಥಾಮಸ್ ಕುಕ್ ಕಟ್ಟಿದ ಇಂಗ್ಲೆಂಡಿನ ಕಂಪನಿಯೂ 2019ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯಲ್ಲಿ ಬಾಗಿಲು ಹಾಕಿತು, ಆರು ಲಕ್ಷದಷ್ಟು ಪ್ರವಾಸಿಗರು ಎಲ್ಲೆಲ್ಲೋ ಉಳಿದರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಆದದ್ದನ್ನು ನೀನೇ ಕಂಡಿದ್ದೀಯ. ಅಂಥ ದಿನ ಗಿರಾಕಿಯ ದುಡ್ಡನ್ನು ಮುಟ್ಟದೆ ಇಟ್ಟಿದ್ದವರು ಇದ್ದಷ್ಟನ್ನು ಎಣಿಸಿ ವಾಪಸ್ ಕೊಟ್ಟರು. ಏರ್‌ಲೈನ್ಸ್‌ನಲ್ಲಿ ಸಿಕ್ಕಿಕೊಂಡದ್ದಕ್ಕೆ ಕಾಗದಪತ್ರ ಹಿಡಿದು ಓಡಾಡಿದರು. ಅವರ ಅಂಗಡಿಗಳು ಇವತ್ತೂ ನಡೆಯುತ್ತಿವೆ.

ಗಿರಾಕಿ ದಾರಿಯಲ್ಲಿರುವಾಗ ನಿನ್ನ ಫೋನ್ ಆಫ್ ಆಗಬಾರದು. ಪ್ಯಾರಿಸ್ಸಿನಲ್ಲಿ ರಾತ್ರಿ ಹತ್ತಾದಾಗ ನಮ್ಮಲ್ಲಿ ನಡುರಾತ್ರಿ ದಾಟಿರುತ್ತದೆ, ಆಗಲೇ ಅವರ ಹೋಟೆಲಿನವನು ಬುಕಿಂಗ್ ಇಲ್ಲ ಎನ್ನುವುದು. ಎತ್ತಿದ ಕೂಡಲೇ ಕಾರಣ ವಿಚಾರಿಸುತ್ತಾ ಕೂರಬೇಡ, ಮೊದಲು ಅವರಿಗೆ ಮಲಗಲು ಜಾಗ ಮಾಡಿಕೊಡು. ತಪ್ಪು ಯಾರದು ಎಂಬುದನ್ನು ಬೆಳಗ್ಗೆ ನೋಡಿದರಾಯಿತು. ನಿನಗೆ ಜ್ವರ ಬಂದು ಮಲಗಿದ ದಿನ ಫೋನ್ ಎತ್ತಲು ಇನ್ನೊಬ್ಬರನ್ನು ಈಗಿನಿಂದಲೇ ತಯಾರು ಮಾಡಿಕೊ.

ಹೋದವರು ಊರಿಗೆ ಬಂದು ಎರಡು ದಿನ ಸುಧಾರಿಸಿಕೊಂಡ ಮೇಲೆ ನೀನೇ ಫೋನ್ ಮಾಡು. ಚೆನ್ನಾಗಿತ್ತಾ ಎಂದರೆ ಚೆನ್ನಾಗಿತ್ತು ಎಂದುಬಿಡುತ್ತಾರೆ, ಅಷ್ಟಕ್ಕೆ ಬಿಡಬೇಡ. ಹೋಟೆಲಿನಲ್ಲಿ ಲಿಫ್ಟ್ ಇತ್ತೇ, ಬೆಳಗ್ಗೆ ಬಿಸಿನೀರು ಬಂತೇ, ಮೂರನೇ ದಿನದ ಊಟ ಎಲ್ಲಿ ಮಾಡಿದಿರಿ, ಅಮ್ಮನಿಗೆ ಎಲ್ಲಿ ಸುಸ್ತಾಯಿತು ಎಂದು ಬಿಡಿಸಿ ಕೇಳಿ, ಊರಿನ ಹೆಸರಿನ ಕೆಳಗೆ ತಾರೀಖು ಸಮೇತ ಬರೆದಿಟ್ಟುಕೊ. ನನ್ನ ಅಂಥ ಪುಸ್ತಕಗಳು ಅಟ್ಟದ ಮೇಲಿನ ಟ್ರಂಕಿನಲ್ಲಿವೆ. ಉತ್ತರಾಖಂಡದ್ದು, ಕಾಶಿ-ಗಯೆಯದು ಈಗಲೂ ಉಪಯೋಗಕ್ಕೆ ಬರುತ್ತವೆ, ಹೋಟೆಲುಗಳ ಫೋನ್ ನಂಬರ್ ಮಾತ್ರ ಬದಲಾಗಿರುತ್ತದೆ. ಮುಂದಿನ ಭಾನುವಾರ ನಿಮ್ಮಪ್ಪನ ಜೊತೆ ಬಂದು ತೆಗೆದುಕೊಂಡು ಹೋಗು.

ನಿನ್ನ ಅತ್ತೆ